ಮುಖವಿಲ್ಲದ ಹದಿನಾಲ್ಕು ಶಾಟು

ವಿಘ್ನೇಶ್ವರ ನನ್ನ ಕೈಗೆ ಕೊಟ್ಟ ಹಾಳೆಯಲ್ಲಿ ಹದಿನಾಲ್ಕು ಸಾಲುಗಳಿದ್ದವು. ಹಾಡುವವಳು ನಾನು. ಆ ಹದಿನಾಲ್ಕರಲ್ಲಿ ಒಂದರಲ್ಲೂ ನನ್ನ ಮುಖ ಇರಲಿಲ್ಲ. ಪಾದ ಇತ್ತು, ಕೈ ಇತ್ತು, ಜಡೆ ಎರಡು ಸಲ ಇತ್ತು, ನೆರಳು ಇತ್ತು, ಬೆನ್ನಂತೂ ನಾಲ್ಕು ಸಲ. ಕೋಳಿ ಕೊಯ್ದು ಭಾಗ ಹಾಕಿದ ಹಾಗೆ ನನ್ನನ್ನು ಭಾಗ ಹಾಕಿಟ್ಟಿದ್ದ ಪುಣ್ಯಾತ್ಮ.

ಎಂಬತ್ತೆಂಟನೇ ಇಸವಿ, ಜನವರಿ ತಿಂಗಳು. ನಾನು ಸಾಗರದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ, ಹಾಸ್ಟೆಲ್ಲಿನಲ್ಲಿದ್ದೆ. ಮನೆ ಶರಾವತಿ ಹಿನ್ನೀರಿನ ಆಚೆ, ಬ್ಯಾಕೋಡಿನ ಹತ್ತಿರ. ವಿಘ್ನೇಶ್ವರ ನನ್ನ ಕ್ಲಾಸಿನವನು. ದೀಪಾವಳಿ ರಜೆಯಲ್ಲಿ ಮೈಸೂರಿನ ಅಣ್ಣನ ಮನೆಗೆ ಹೋಗಿ, ಅಲ್ಲಿ ಟಿವಿಯಲ್ಲಿ ಹಾಡುಗಳನ್ನು ನೋಡಿ, ಒಂದು ಥರದ ಜ್ವರ ಹತ್ತಿಸಿಕೊಂಡು ಬಂದಿದ್ದ. ಕಾಲೇಜಿನ ವಾರ್ಷಿಕೋತ್ಸವಕ್ಕೆ ನಮ್ಮ ಕ್ಲಾಸಿನಿಂದ ಒಂದು ಹಾಡು ಇರಬೇಕೆಂದು ತೀರ್ಮಾನವಾದಾಗ, ಅದನ್ನು ವಿಡಿಯೋ ಮಾಡಿ ಟಿವಿಯಲ್ಲಿ ತೋರಿಸೋಣ ಎಂದವನು ಅವನೇ.

"ಸ್ಟೇಜ್ ಮೇಲೆ ನಿಂತು ಹಾಡಿದ್ರೆ ಮುಗೀತಲ್ಲ ಮಾರಾಯ. ಇದೆಲ್ಲ ಯಾಕೆ?" ಎಂದು ಕೇಳಿದೆ.

"ಅದು ಹಾಡು ಕೇಳ್ಸೋದು. ಇದು ಹಾಡು ತೋರ್ಸೋದು."

"ಹಾಡನ್ನ ಹೆಂಗೆ ತೋರಿಸ್ತಾರೆ?"

"ಅದಕ್ಕೇ ಶಾಟ್ ಅಂತ ಇರೋದು," ಎಂದ. ಶಾಟ್ ಎಂದರೇನು ಎಂದು ಕೇಳಿದರೆ, ಒಂದು ಸಲ ನೋಡಿದಷ್ಟು ಎಂದ. ಎಷ್ಟು ಹೊತ್ತು ನೋಡಬೇಕು ಎಂದರೆ, ಅದೇ ಪೇಸು ಎಂದ. ಪೇಸು ಎಂದರೇನು ಎಂದು ಕೇಳಿದಾಗ ಸಿಟ್ಟು ಮಾಡಿಕೊಂಡು ಕ್ಯಾಂಟೀನಿಗೆ ಹೋದ. ನಾನು ಹಿಂದೆಯೇ ಹೋಗಿ ಮತ್ತೆ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ಅವನ ಕೈಯಲ್ಲಿ ಹಾಳೆ ಇತ್ತು, ನನ್ನ ಕೈಯಲ್ಲಿ ಇರಲಿಲ್ಲ.

ಮೊದಲು ಬರೆದ ಹಾಳೆಯಲ್ಲಿ ನನ್ನ ಮುಖವೇ ತುಂಬಿತ್ತು. ಅಪ್ಪನನ್ನು ಕೇಳಿಕೊಂಡು ಬರುತ್ತೇನೆ ಎಂದು ಶನಿವಾರ ಮನೆಗೆ ಹೋದೆನಲ್ಲ, ಅಲ್ಲಿ ಕೆಟ್ಟಿತು.

ಅಪ್ಪ ಗೋಪಾಲಪ್ಪ ಅಂಗಳದಲ್ಲಿ ಕೂತು ಬುಟ್ಟಿಗೆ ಹೊಸ ಅಂಚು ಕಟ್ಟುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ವಿಡಿಯೋ ಅಂದರೆ ಮದುವೆಗೆ ತೆಗೆಯುತ್ತಾರಲ್ಲ ಅದು ಎಂದು ಅವನಿಗೆ ಗೊತ್ತಿತ್ತು.

"ಹಾಡೋದು ಹಾಡು. ನಾ ಬ್ಯಾಡ ಅನ್ನಲ್ಲ," ಎಂದ. "ಆದ್ರೆ ಮುಖ ಬೀಳಂಗಿಲ್ಲ."

"ಹಾಡೋರ ಮುಖ ಬೀಳದೆ ಇನ್ಯಾರದ್ದು ಬೀಳ್ಬೇಕು? ನಿಂದಾ?"

"ನೋಡು ಹಾಲಮ್ಮ, ನಿನ್ನ ಮಗಳ ಬಾಯಿ," ಎಂದು ಒಳಗಿದ್ದ ಅಮ್ಮನಿಗೆ ಕೂಗಿ ಹೇಳಿದ. ಅಮ್ಮ ಹೊರಗೆ ಬರಲಿಲ್ಲ. ಅಪ್ಪ ಬುಟ್ಟಿಯನ್ನು ಪಕ್ಕಕ್ಕಿಟ್ಟ. "ನಿನ್ನ ಅತ್ತೆ ಮಗಳ ಫೋಟೋ ಸ್ಟುಡಿಯೋದವ್ನು ಗಾಜಿನೊಳಗೆ ಹಾಕ್ಕಂಡು, ಪ್ಯಾಟೆಯೋರೆಲ್ಲ ನೋಡ್ಕಂಡು ಹೋಗಿ, ಆಮೇಲೆ ಏನಾತು? ಬಂದಿದ್ದ ಗಂಡು ಹಂಗೇ ತಿರುಗಿ ಹೋತು. ಮುಖ ಕಾಣ್ತು ಅಂತ ನನ್ ಕಿವಿಗೆ ಬಿತ್ತೋ, ಪರೀಕ್ಷೆ ಗಿರೀಕ್ಷೆ ಎಲ್ಲ ಸಾಕು. ಟ್ರಂಕು ತಗಂಡು ಮನೆಗೆ ಬಾ."

ನಾನು ಅಪ್ಪನ ಮಾತು ಕೇಳುವ ಪೈಕಿ ಅಲ್ಲ. ಏಳನೇ ಕ್ಲಾಸಿಗೆ ಸಾಕು ಎಂದಾಗ ಎರಡು ದಿನ ಊಟ ಬಿಟ್ಟು ಹೈಸ್ಕೂಲು ಸೇರಿದವಳು. ಹಿನ್ನೀರು ದಾಟಿಸುವ ಲಾಂಚಿನಲ್ಲಿ ಒಬ್ಬಳೇ ಓಡಾಡಬೇಡ ಎಂದರೆ ಬೇಕೆಂದೇ ಒಬ್ಬಳೇ ಓಡಾಡಿದವಳು. ಆದರೆ ಈ ಸಲ ಹೆದರಿದೆ. ಪರೀಕ್ಷೆಗೆ ಎರಡೂವರೆ ತಿಂಗಳು ಉಳಿದಿತ್ತು. ನಮ್ಮ ಕೇರಿಯಲ್ಲಿ ಬಿ.ಎ. ಮುಗಿಸಿದ ಹೆಣ್ಣುಮಕ್ಕಳು ಒಬ್ಬರೂ ಇರಲಿಲ್ಲ. ಮುಗಿಸಿ ಬಿ.ಎಡ್. ಮಾಡಿ ಟೀಚರಾಗಬೇಕು ಎನ್ನುವುದು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಎರಡೂವರೆ ತಿಂಗಳಿಗಾಗಿ ಬಾಯಿ ಮುಚ್ಚಿಕೊಂಡು, ಆಯಿತು ಎಂದೆ. ಅಪ್ಪ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಬುಟ್ಟಿ ಎತ್ತಿಕೊಂಡ.

ಸೋಮವಾರ ಹೇಳಿದಾಗ ವಿಘ್ನೇಶ್ವರ ತಲೆಯ ಮೇಲೆ ಕೈ ಹೊತ್ತ. "ಎಂತ ಮಾಡದು ಈಗ! ಮುಖ ಇಲ್ದೆ ಹಾಡು ಎಲ್ಲಿಂದ ಬರ್ತದೆ?"

"ಬಾಯಿಂದ. ಟೇಪಲ್ಲಿ ಇದೆಯಲ್ಲ."

ಹಾಡನ್ನು ಆಗಲೇ ಕ್ಯಾಸೆಟ್ಟಿನಲ್ಲಿ ತುಂಬಿಸಿದ್ದೆವು. ಆಚೆ ದಡದ ದೀಪಕ್ಕೆ ಈಚೆ ದಡದವಳು ಹೇಳುವ ಮಾತು, ವಿಘ್ನೇಶ್ವರನೇ ಬರೆದದ್ದು. ಅವನು ಬರೆದದ್ದಕ್ಕಿಂತ ನಾನು ಹಾಡಿದ್ದು ಚೆನ್ನಾಗಿತ್ತು, ಇದನ್ನು ಅವನೂ ಒಪ್ಪುತ್ತಿದ್ದ. ಒಟ್ಟು ಮೂರು ನಿಮಿಷ ನಲವತ್ತು ಸೆಕೆಂಡು. ಎರಡು ದಿನ ಕೂತು ಆ ಇನ್ನೂರಿಪ್ಪತ್ತು ಸೆಕೆಂಡಿಗೆ ಮುಖವಿಲ್ಲದ ಹದಿನಾಲ್ಕು ಶಾಟು ಹೊಂದಿಸಿದ. ಹಲಗೆಯ ಮೇಲೆ ಪಾದ, ಹತ್ತು ಸೆಕೆಂಡು. ಕಂಬಿಯ ಮೇಲೆ ಕೈ, ಎಂಟು. ಲಾಂಚಿನ ಜನ, ಆರು. ಹೀಗೆ ಸಾಗಿ ಕೊನೆಯದು, ಆಚೆ ದಡ ನೋಡುತ್ತ ನಿಂತವಳ ಬೆನ್ನು, ಹನ್ನೆರಡು.

"ಬೆನ್ನು ತೋರಿಸುವಾಗಲೂ ಹಾಡ್ತಾ ಇರ್ಬೇಕು," ಎಂದ.

"ಯಾರಿಗೆ ಕಾಣುತ್ತೆ?"

"ಬೆನ್ನಿಗೆ ಗೊತ್ತಾಗ್ತದೆ."

ರಾತ್ರಿ ಹಾಸ್ಟೆಲ್ಲಿನಲ್ಲಿ ಕನ್ನಡಿಗೆ ಬೆನ್ನು ಹಾಕಿ ಹಾಡಿ, ಗೆಳತಿಯನ್ನು ಕೇಳಿದೆ. ಅವಳು ಗೊತ್ತಾಗುತ್ತದೆ ಎಂದಳು. ಹಾಡದೆ ನಿಂತು ಕೇಳಿದೆ. ಈಗಲೂ ಗೊತ್ತಾಗುತ್ತದೆ ಎಂದಳು.

ಕ್ಯಾಮೆರಾ ಇದ್ದದ್ದು ಹೊಸನಗರದ ದುಗ್ಗಪ್ಪಣ್ಣನ ಹತ್ತಿರ. ಸುತ್ತಲಿನ ಮದುವೆಗಳಿಗೆಲ್ಲ ಅವನೇ. ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮೆರಾ, ಕಣ್ಣು ಅದಕ್ಕೆ ಅಂಟಿಸಿದರೆ ಊಟಕ್ಕೆ ಕರೆದಾಗಲೇ ತೆಗೆಯುವುದು. ವಿಘ್ನೇಶ್ವರ ಹಾಳೆಯನ್ನು ತೋರಿಸಿ ವಿವರಿಸಿದ. ದುಗ್ಗಪ್ಪಣ್ಣ ಅದನ್ನು ತಿರುವಿ ಹಿಂಬದಿಯನ್ನೂ ನೋಡಿದ.

"ಭಟ್ರೇ, ನಂದು ಒಂದೇ ಲೆಕ್ಕ. ತೆಗೆದಿದ್ದು ತೆಗೆದ ಸಾಲಿಗೇ ಬರತ್ತೆ. ಹಿಂದಿಂದು ಮುಂದೆ, ಮುಂದಿಂದು ಹಿಂದೆ ಮಾಡೋ ಮಷಿನ್ ನನ್ ಹತ್ರ ಇಲ್ಲ. ಸರಿ ಬರ್ಲಿಲ್ವಾ, ಟೇಪು ಹಿಂದೆ ಸುತ್ತಿ ಅದ್ರ ಮೇಲೇ ಇನ್ನೊಂದು ತೆಗೆಯೋದು. ಮೊದಲಿಂದು ಹೋತು ಅಂತ್ಲೇ. ಹಾಡು ಕೊನೇಲಿ ಮೇಲಿಂದ ಕೂರಿಸ್ತೀನಿ."

ಅಂದರೆ ಹದಿನಾಲ್ಕನ್ನೂ ಕ್ರಮವಾಗಿ, ಸೆಕೆಂಡು ಹಿಡಿದು ತೆಗೆಯಬೇಕು. ಎಲ್ಲ ಕೂಡಿದರೆ ಇನ್ನೂರಿಪ್ಪತ್ತು ಆಗಬೇಕು. ಆಗದಿದ್ದರೆ ಹಾಡು ಮುಗಿದ ಮೇಲೂ ಚಿತ್ರ ಓಡುತ್ತದೆ, ಇಲ್ಲವೇ ಚಿತ್ರ ಮುಗಿದ ಮೇಲೂ ನಾನು ಕತ್ತಲೆಯಲ್ಲಿ ಕೂಗುತ್ತಿರುತ್ತೇನೆ. ವಿಘ್ನೇಶ್ವರ ಕಾಲೇಜಿನ ಕ್ರೀಡಾ ವಿಭಾಗದಿಂದ ಓಟದ ಪಂದ್ಯಕ್ಕೆ ಬಳಸುವ ಗಡಿಯಾರ ತಂದ.

ಶೂಟಿಂಗಿನ ದಿನ ಬೆಳಗ್ಗೆ ಬಸ್ಸಿಳಿದು ಲಾಂಚ್ ನಿಲ್ಲುವ ದಡಕ್ಕೆ ಹೋದಾಗಲೇ ಜನ ಸೇರಿದ್ದರು. ಕ್ಯಾಮೆರಾ ಹೊತ್ತ ದುಗ್ಗಪ್ಪಣ್ಣನನ್ನು ನೋಡಿದ್ದೇ ತಡ, ಗಂಡಸರು ಅಂಗಿಯ ಗುಂಡಿ ಹಾಕಿಕೊಂಡರು, ಹೆಂಗಸರು ಸೆರಗು ಸರಿಮಾಡಿಕೊಂಡರು.

"ಯಾರ ಮದ್ವೆ?" ಎಂದು ಒಬ್ಬರು ಕೇಳಿದರು.

"ಮದ್ವೆ ಅಲ್ಲ, ಹಾಡು," ಎಂದ ವಿಘ್ನೇಶ್ವರ.

"ಹಂಗಾದ್ರೆ ಗಂಡು ನೀನೇ ಏನಪ್ಪಾ?"

ಅದೇ ಗುಂಪಿನಲ್ಲಿ ನಮ್ಮ ಕೇರಿಯ ಗುತ್ಯಮ್ಮ ಇದ್ದಳು. ಸಾಗರದ ಆಸ್ಪತ್ರೆಗೆ ಬಂದು ವಾಪಸು ಹೊರಟವಳು. ನನ್ನನ್ನು ನೋಡಿ, "ಇದು ನಮ್ ಗೋಪಾಲಪ್ಪನ ಕೂಸಲ್ದೇನ್ರೇ! ಏನೇ ವರದಾ, ಹೇಳದೆ ಕೇಳದೆ ಮದ್ವೆ ಆಗಿಬಿಟ್ಯಾ?" ಎಂದಳು. ನಾನು ಅವಳ ಪಕ್ಕ ಕೂತು, ಇಲ್ಲ ಮಾರಾಯ್ತಿ, ಕಾಲೇಜಿಂದು, ಹಾಡಿಂದು ಎಂದು ಮೂರು ಸಲ ಬಿಡಿಸಿ ಹೇಳಿದೆ. ಮೂರನೇ ಸಲಕ್ಕೆ ಅವಳು, "ಆಯ್ತು ಬಿಡು, ನಾ ಯಾರಿಗೂ ಹೇಳಲ್ಲ," ಎಂದಳು. ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಪಾದದ ಶಾಟು ಸರಿಯಾಯಿತು. ಕೈಯದ್ದೂ ಆಯಿತು. ಲಾಂಚ್ ಹೊರಟ ಮೇಲೆ ಎಂಜಿನ್ ಸದ್ದಿಗೆ ಟೇಪ್ ರೆಕಾರ್ಡರ್ ಕೇಳಿಸುವುದು ನಿಂತಿತು. ಯಾವ ಸಾಲು ನಡೆಯುತ್ತಿದೆ ಎಂದು ತಿಳಿಸಲು ವಿಘ್ನೇಶ್ವರ ದೂರದಿಂದ ಬೆರಳು ತೋರಿಸತೊಡಗಿದ. ಎರಡು ಬೆರಳೆಂದರೆ ಎರಡನೇ ಚರಣವೋ, ಎರಡನೇ ಸಾಲೋ, ಇನ್ನೆರಡು ಸೆಕೆಂಡೋ, ನನಗೆ ತಿಳಿಯಲಿಲ್ಲ. ಹೇಗೂ ಮುಖ ಕಾಣುವುದಿಲ್ಲವಲ್ಲ ಎಂದು ಬಾಯಿಗೆ ಬಂದದ್ದು ಹಾಡಿದೆ.

ಅಷ್ಟರಲ್ಲಿ ಜನರ ಶಾಟು ಬಂತು. ಆರು ಸೆಕೆಂಡು. ದುಗ್ಗಪ್ಪಣ್ಣ ಎಡತುದಿಯಿಂದ ಶುರುಮಾಡಿದ. ಒಬ್ಬೊಬ್ಬರ ಮುಖದ ಮುಂದೂ ನಿಲ್ಲುತ್ತಾನೆ, ಅವರು ನಗುತ್ತಾರೆ, ಮುಂದಿನವರಿಗೆ ಹೋಗುತ್ತಾನೆ. ವಿಘ್ನೇಶ್ವರ "ಸಾಕು! ಸಾಕು!" ಎಂದು ಕೂಗುತ್ತಿದ್ದರೆ ಎಂಜಿನ್ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು? ಕೊನೆಯ ಮನುಷ್ಯನನ್ನೂ, ಅವನ ತೊಡೆಯ ಮೇಲಿದ್ದ ಹುಂಜವನ್ನೂ ಮುಗಿಸಿಯೇ ಅವನು ನಿಲ್ಲಿಸಿದ್ದು. ಮೂವತ್ತೊಂದು ಸೆಕೆಂಡು.

"ಇದೆಂತ ಮಾಡಿದ್ಯೋ ಮಾರಾಯ!" ವಿಘ್ನೇಶ್ವರ ಅಳುವ ಹಾಗಿದ್ದ.

"ಮತ್ತೆ? ಒಬ್ಬರನ್ನ ತೆಗೆದು ಒಬ್ಬರನ್ನ ಬಿಡಕ್ಕಾಗತ್ತಾ? ನಾಳೆ ಇದೇ ಲಾಂಚಲ್ಲಿ ನಾ ಓಡಾಡ್ಬೇಕು. ಮದ್ವೆ ಮನೇಲಿ ಒಬ್ಬ ನೆಂಟನ ಮುಖ ಬಿಟ್ಟಿದ್ದಕ್ಕೆ ವರ್ಷ ಮಾತು ಬಿಟ್ಟೋರು ಇದಾರೆ."

ಮತ್ತೆ ತೆಗೆಯೋಣ ಎಂದರೆ ಆಗಲೇ ಅರ್ಧ ನೀರು ದಾಟಿದ್ದೆವು. ಆ ಇಪ್ಪತ್ತೈದು ಸೆಕೆಂಡನ್ನು ಎಲ್ಲಿಂದ ಕಳೆಯುವುದು? ವಿಘ್ನೇಶ್ವರ ಲಾಂಚಿನ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಹಾಳೆಯ ಮೇಲೆ ಗೀಟು ಎಳೆಯತೊಡಗಿದ. ನೆರಳು ಹೋಯಿತು. ಒಂದು ಜಡೆ ಹೋಯಿತು. ಎರಡು ಬೆನ್ನು ಹೋದವು. ಆಮೇಲೆ ಜಡೆ ಬೇಕೇ ಬೇಕು ಎಂದು ಮತ್ತೆ ಬರೆದ. ನನಗೆ ನಾನು ಎಷ್ಟು ಉಳಿದಿದ್ದೇನೆ ಎನ್ನುವುದೇ ಗೊತ್ತಾಗಲಿಲ್ಲ.

ಕೊನೆಯ ಶಾಟನ್ನು ಮರಳಿ ಬರುವ ಲಾಂಚಿನಲ್ಲಿ ತೆಗೆಯುವುದೆಂದಾಯಿತು. ಗುತ್ಯಮ್ಮ ಇಳಿದು ಹೋಗುತ್ತಾಳೆ, ಪೀಡೆ ಕಳೆಯಿತು ಎಂದುಕೊಂಡಿದ್ದೆ. ಅವಳು ಇಳಿಯಲಿಲ್ಲ. "ಇದು ಮುಗ್ಯೋ ತನಕ ನೋಡ್ತೀನಿ, ಮುಂದಿನ ಲಾಂಚಲ್ಲಿ ಹೋದ್ರಾತು," ಎಂದು ಎಲೆಯಡಿಕೆ ಚೀಲ ಬಿಚ್ಚಿ ಹೊಸದಾಗಿ ಕೂತಳು.

ಲಾಂಚ್ ತಿರುಗಿ ಹೊರಟಿತು. ನಾನು ಕಂಬಿ ಹಿಡಿದು ನಮ್ಮೂರಿನ ಕಡೆಗೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಕ್ಯಾಮೆರಾ. ವಿಘ್ನೇಶ್ವರ ನನ್ನ ಹತ್ತಿರ ಬರಲು ನೋಡಿದ ಇಬ್ಬರು ಹುಡುಗರನ್ನು ಆಚೆ ತಳ್ಳುತ್ತಿದ್ದ. ಟೇಪು ಕೇಳುತ್ತಿರಲಿಲ್ಲ, ಬೆರಳೂ ಕಾಣುತ್ತಿರಲಿಲ್ಲ. ಎಲ್ಲ ಬಿಟ್ಟು ಹಾಡಿದೆ. ಆ ಹೊತ್ತಿಗೆ ಗಂಟಲು ಎಷ್ಟು ಸಲೀಸಾಗಿತ್ತೆಂದರೆ, ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲೂ ಹಾಡಿರಲಿಲ್ಲ, ಆಮೇಲೂ ಹಾಡಿಲ್ಲ.

ಆಗ ಬಲಗಡೆಯಿಂದ ಕ್ಯಾಮೆರಾ ಬಂತು. ಧಾರೆಯ ಹೊತ್ತಿಗೆ ಮದುಮಗಳ ಹಿಂದಿನಿಂದ ಸುತ್ತಿ ಮುಂದೆ ಬಂದು ಮುಖದಲ್ಲಿ ನಿಲ್ಲುವುದು ದುಗ್ಗಪ್ಪಣ್ಣನ ಕೈಗೆ ಹತ್ತಿದ ರೂಢಿ. ಕಂಬಿಯ ಹೊರಗೆ ಒಂದು ಕಾಲಿಟ್ಟು, ಒಂದು ಕೈಯಲ್ಲಿ ಹಗ್ಗ ಹಿಡಿದು, ನೀರಿನ ಮೇಲೆ ಬಾಗಿ ನನ್ನ ಎದುರಿಗೇ ಬಂದುಬಿಟ್ಟ. ಲಾಂಚಿನವರು ಬೈಯುತ್ತಿದ್ದರು. ನಾನು ನೋಡಿದೆ. ಮುಖ ತಿರುಗಿಸಬಹುದಿತ್ತು, ಸೆರಗು ಎಳೆದುಕೊಳ್ಳಬಹುದಿತ್ತು. ಯಾವುದನ್ನೂ ಮಾಡದೆ ಹಾಡಿದೆ. ಯಾಕೆ ಎಂದು ಕೇಳಿದರೆ ಹೇಳಲು ನನಗೆ ಬರುವುದಿಲ್ಲ.

ವಿಘ್ನೇಶ್ವರ ಅದನ್ನು ಕಂಡಿರಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಗುತ್ಯಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದಳು, ಎಲೆ ಮಡಿಸುವುದನ್ನೂ ಬಿಟ್ಟು.

ಎರಡು ದಿನ ಕಳೆದು ನಾನೂ ವಿಘ್ನೇಶ್ವರನೂ ಹೊಸನಗರದ ದುಗ್ಗಪ್ಪಣ್ಣನ ಅಂಗಡಿಗೆ ಹೋದೆವು. ಮಾರನೇ ದಿನವೇ ವಾರ್ಷಿಕೋತ್ಸವ. ಅವನು ಅಂಗಡಿಯ ಬಾಗಿಲು ಅರ್ಧ ಹಾಕಿ ಟಿವಿ ಹಚ್ಚಿದ. ವಿಘ್ನೇಶ್ವರ ಗಡಿಯಾರ ಒತ್ತಿ ಕೂತ. ಪಾದ ಬಂತು, ಕೈ ಬಂತು, ಜನ ಬಂದರು, ಹುಂಜ ಬಂತು, ಜಡೆ ಬಂತು. ಕೊನೆಗೆ ಬೆನ್ನು ಬಂತು, ಅದು ತಿರುಗಿತು, ನಾನು ಬಂದೆ.

ನನಗೆ ಕನ್ನಡಿಯ ಮುಖ ಗೊತ್ತು. ಹಾಲ್‌ಟಿಕೆಟ್ಟಿನ ಫೋಟೋದ, ಹೆದರಿದ ಮುಖ ಗೊತ್ತು. ಹಾಡುವಾಗ ನನ್ನ ಮುಖ ಹಾಗಿರುತ್ತದೆ ಎಂದು ಅವತ್ತಿನವರೆಗೆ ಗೊತ್ತಿರಲಿಲ್ಲ. ಹುಬ್ಬು ಎದ್ದಿತ್ತು, ಗಾಳಿಗೆ ಕೂದಲು ಬಾಯೊಳಗೆ ಹೋಗುತ್ತಿತ್ತು, ಅದರ ಪರಿವೆಯೇ ಅವಳಿಗೆ ಇರಲಿಲ್ಲ. ಚಂದ ಇದ್ದಳು. ನನ್ನ ಬಗ್ಗೆ ನಾನೇ ಹೇಳಿಕೊಳ್ಳುವುದು ನಾಚಿಕೆ, ಆದರೂ ಹೇಳುತ್ತೇನೆ, ಚಂದ ಇದ್ದಳು.

"ಇನ್ನೂರಿಪ್ಪತ್ತು!" ವಿಘ್ನೇಶ್ವರ ಗಡಿಯಾರ ಎತ್ತಿ ಹಿಡಿದು ಕಿರುಚಿದ. "ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ!" ಆಮೇಲೆ ಅವನಿಗೆ ತಾನು ಏನು ನೋಡಿದೆ ಎನ್ನುವುದು ತಲೆಗೆ ಹೋಯಿತು. "ಅಯ್ಯೋ, ಮುಖ."

"ಮುಖ ಬಿಟ್ಟು ಬೆನ್ನು ತೆಗಿ ಅಂತ ಯಾರಾದ್ರೂ ಹೇಳ್ತಾರಾ? ಹಾಳೆ ಬರೆಯೋವಾಗ ಕೈತಪ್ಪಿದ್ದು ಅಂದ್ಕಂಡೆ," ಎಂದ ದುಗ್ಗಪ್ಪಣ್ಣ. "ಯಾಕೆ, ಚೆನ್ನಾಗಿ ಬಂದಿಲ್ವಾ ತಂಗಿ?"

ನಾನು ಮತ್ತೊಮ್ಮೆ ಹಾಕಿಸಿ ನೋಡಿದೆ. ಇನ್ನೂ ಒಮ್ಮೆ ನೋಡಿದೆ. ಆಮೇಲೆ, "ಇದನ್ನ ಅಳಿಸಿ," ಎಂದೆ.

ವಿಘ್ನೇಶ್ವರ ಎದ್ದು ನಿಂತ. ಅಳಿಸು ಎಂದೂ ಹೇಳಲಾರ, ಬೇಡ ಎಂದೂ ಹೇಳಲಾರ. ಇದ್ದರೆ ಹಾಡು ಪೂರ್ತಿಯಾಗುತ್ತದೆ, ನನ್ನ ಪರೀಕ್ಷೆ ಹೋಗುತ್ತದೆ. ತೆಗೆದರೆ ಹನ್ನೆರಡು ಸೆಕೆಂಡು ಕತ್ತಲೆ. ಅಂಗಡಿಯ ಒಳಗೆ ಅತ್ತಿಂದಿತ್ತ ಓಡಾಡಿದ. "ತೀರ್ಥಹಳ್ಳಿಯಲ್ಲಿ ಒಬ್ಬರ ಹತ್ರ ಎರಡು ಮಷಿನ್ ಇದೆಯಂತೆ ವರದಾ. ಈಗಲೇ ಬಸ್ ಹತ್ತಿದ್ರೆ ಸಂಜೆ ಒಳಗೆ ಇದ್ದಿದ್ದು ಇದ್ದ ಹಾಗೆ ಒಂದು ಕಾಪಿ ಮಾಡಿಸ್ಕಬಹುದು. ನಿನ್ನ ಹತ್ರವೇ ಇರ್ಲಿ. ಆಮೇಲೆ ಇದನ್ನ ಅಳಿಸಣ."

"ಕಾಪಿ ಇದ್ರೆ ಒಂದಲ್ಲ ಒಂದಿನ ಯಾರಾದ್ರೂ ನೋಡ್ತಾರೆ. ಆಗ ನೀನು ಬಂದು ಅಪ್ಪನ ಹತ್ರ ಮಾತಾಡ್ತೀಯಾ? ಬೇಡ ಅಂದ್ರೆ ಬೇಡ."

ನಾನೇ ಕೂಗಾಡಿದೆ. ಕೂಗಾಡದೆ ಇದ್ದಿದ್ದರೆ ಅತ್ತುಬಿಡುತ್ತಿದ್ದೆ.

ಹನ್ನೆರಡು ಸೆಕೆಂಡಿಗೆ ಏನನ್ನು ತುಂಬಿಸುವುದು? ನಾಳೆಯ ಒಳಗೆ ಲಾಂಚಿಗೆ ಹೋಗಿ ಬರುವಂತಿರಲಿಲ್ಲ, ದುಗ್ಗಪ್ಪಣ್ಣನಿಗೆ ಸಂಜೆ ಕೋಣಂದೂರಿನಲ್ಲಿ ಮದುವೆಯ ಹಿಂದಿನ ದಿನದ ಕೆಲಸವಿತ್ತು. "ನೀರು ಸಾಕಲ್ಲ?" ಎಂದ ಅವನು. "ಇಲ್ಲಿ ಬಾವಿ ಇದೆ." ಅಂಗಡಿಯ ಹಿಂದೆ ಹೋದೆವು. ವಿಘ್ನೇಶ್ವರ ಕೊಡಪಾನದಿಂದ ದನಕ್ಕೆ ನೀರಿಡುವ ಕಲ್ಲಿನ ದೋಣಿಗೆ ನೀರು ಸುರಿದು, ಕೈ ಆಡಿಸಿ ಅಲೆ ಎಬ್ಬಿಸಿದ. ದುಗ್ಗಪ್ಪಣ್ಣ ತೀರ ಹತ್ತಿರಕ್ಕೆ ಬಾಗಿ ಅದನ್ನೇ ತೆಗೆದ. ಎಣಿಸಿದವಳು ನಾನು. ಒಂದು, ಎರಡು, ಮೂರು ಎಂದು ಎಣಿಸುತ್ತ ಎಣಿಸುತ್ತ, ಒಂದೊಂದಕ್ಕೂ ಟೇಪಿನ ಒಳಗೆ ನನ್ನ ಹುಬ್ಬು ಹೋಯಿತು, ಬಾಯಿ ಹೋಯಿತು ಎಂದು ಲೆಕ್ಕ ಸಿಗುತ್ತಿತ್ತು. ಹನ್ನೆರಡು ಎಂದಾಗ ಅವನು ಗುಂಡಿ ಒತ್ತಿದ. ಟಿವಿಯಲ್ಲಿ ಹಾಕಿ ನೋಡಿದರೆ ಶರಾವತಿಯ ನೀರೇ. ವಿಘ್ನೇಶ್ವರ ನನಗೆ ಬೆನ್ನು ಹಾಕಿಕೊಂಡು, ಹಾಡು ಕೂರಿಸೋಣ ಎಂದ.

ವಾರ್ಷಿಕೋತ್ಸವದ ಸಂಜೆ ಸಭಾಂಗಣದ ಬಾಗಿಲಲ್ಲಿ ಅಪ್ಪ ನಿಂತಿದ್ದ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವೆಲು. ಜೊತೆಗೆ ಅಮ್ಮ, ಗುತ್ಯಮ್ಮ, ಕೇರಿಯ ಇನ್ನೂ ಐದಾರು ಜನ. ಮಧ್ಯಾಹ್ನದ ಲಾಂಚಿಗೇ ಹೊರಟು ಬಂದಿದ್ದರು. ಗುತ್ಯಮ್ಮ ಹೇಳದೆ ಬಿಟ್ಟವರು ಯಾರೂ ಇರಲಿಲ್ಲ. ಟ್ರಂಕು ಕಟ್ಟಿಸಿಕೊಂಡು ಹೋಗಲಿಕ್ಕೇ ಬಂದಿದ್ದಾನೆ ಎಂದುಕೊಂಡೆ. ಅಪ್ಪ ನನ್ನ ಹತ್ತಿರ ಬಂದು, "ಎಲ್ಲಿ ಕೂತ್ರೆ ಚಲೋ ಕಾಣತ್ತೆ?" ಎಂದಷ್ಟೇ ಕೇಳಿದ.

ಮುಂದಿನ ಸಾಲಿನಲ್ಲಿ ಕೂರಿಸಿದೆ. ನೋಡಲಿ, ಏನೂ ಇಲ್ಲ ಎನ್ನುವುದನ್ನು ಕಣ್ಣಾರೆ ನೋಡಲಿ, ಆಗ ನೆಮ್ಮದಿಯಾಗುತ್ತದೆ ಎಂದು ಲೆಕ್ಕ ಹಾಕಿದೆ. ನನಗೂ ಅದರಿಂದ ಧೈರ್ಯ ಬಂತು.

ಸ್ಟೇಜಿನ ಮೇಲೆ ಮೇಜು, ಮೇಜಿನ ಮೇಲೆ ಟಿವಿ. ಹಾಡು ಶುರುವಾಯಿತು. ಪಾದ ಬಂದಾಗ ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಲಾಂಚಿನ ಜನ ಬಂದಾಗ ಗುತ್ಯಮ್ಮ ತನ್ನನ್ನು ತಾನೇ ನೋಡಿ ಹೋ ಎಂದಳು. ಅಪ್ಪ ಅಲ್ಲಾಡಲಿಲ್ಲ. ಕೊನೆ ಬರುವ ಹೊತ್ತಿಗೆ ಗುತ್ಯಮ್ಮ ಅವನ ತೋಳು ತಟ್ಟಿ, "ಈಗ ಬತ್ತದೆ, ಈಗ ಬತ್ತದೆ ನೋಡು," ಎಂದಳು. ಅಪ್ಪ ಟವೆಲಿನಿಂದ ಕಣ್ಣು ಒರೆಸಿಕೊಂಡು ಮುಂದಕ್ಕೆ ಬಾಗಿದ. ನೀರು ಬಂತು. ನನ್ನ ದನಿ ಮೇಲಕ್ಕೆ ಹೋಯಿತು, ನೀರು ಅಲ್ಲಾಡಿತು, ಮುಗಿಯಿತು. ಜನ ಚಪ್ಪಾಳೆ ತಟ್ಟಿದರು.

"ಮುಗೀತಾ?" ಎಂದ ಅಪ್ಪ.

"ಮುಗೀತು."

"ಇನ್ನೊಂದ್ ಸಲ ಹಾಕಕ್ಕೆ ಹೇಳು. ನಾ ಎಲ್ಲೋ ಕಣ್ ತಪ್ಪಿಸಿದೆ ಅನ್ಸತ್ತೆ."

ವಿಘ್ನೇಶ್ವರನಿಗೆ ಕುಣಿಯುವಷ್ಟು ಖುಷಿ. ಟೇಪು ಹಿಂದೆ ಸುತ್ತಿ ಮತ್ತೆ ಹಾಕಿದ. ಈ ಸಲ ಅಪ್ಪ ಎದ್ದು ಸ್ಟೇಜಿನ ಅಂಚಿಗೇ ಹೋಗಿ ನಿಂತ. ಹಿಂದಿನವರು ಕೂತ್ಕೊಳ್ರೀ ಎಂದು ಕೂಗಿದರೂ ಕೂರಲಿಲ್ಲ. ನೀರು ಬಂದಾಗ ತಿರುಗಿ ನನ್ನನ್ನು ನೋಡಿದ.

ಹೊರಗೆ ಜಗಲಿಯಲ್ಲಿ ಅವನು ಕೇಳಿದ ಮೊದಲ ಮಾತು ಅದೇ. "ನೀನೆಲ್ಲೇ?"

"ಕಾಲು ನಂದೇ ಅಪ್ಪ. ಕೈ ನಂದೇ. ಬೆನ್ನು—"

"ಬೆನ್ನು ನೋಡಕ್ಕೆ ಇಷ್ಟು ದೂರ ಬಂದ್ನಾ ನಾನು? ಮುಖಕ್ಕೇ ಹಿಡಿದ್ರು ಅಂದ್ಲಲ್ಲ ಗುತ್ಯಮ್ಮ. ಗಾಳೀಲಿ ನಿಂತು ಹಾಡ್ತಿದ್ಲು, ನೋಡಕ್ಕೆ ಎರಡು ಕಣ್ಣು ಸಾಲ್ದು ಅಂದ್ಲು. ಅದೆಲ್ಲಿ?"

ನನಗೆ ತಲೆ ಬುಡ ತಿಳಿಯಲಿಲ್ಲ. ಇವನಿಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದೂ ಅಂಗಿಗೆ ಇಸ್ತ್ರಿ ಹಾಕಿಸಿ, ಹೆಂಡತಿಯನ್ನೂ ಕೇರಿಯವರನ್ನೂ ಕಟ್ಟಿಕೊಂಡು ಬಂದನೇ? "ಅದು ಇತ್ತು," ಎಂದೆ. "ಅಳಿಸ್ದೆ. ಅದರ ಮೇಲೆ ಬಾವಿ ನೀರು ತೆಗೆದ್ವಿ."

"ಇನ್ನೆಲ್ಲೂ ಇಲ್ವಾ? ಆ ಕ್ಯಾಮೆರಾದವ್ನ ಹತ್ರ?"

"ಎಲ್ಲೂ ಇಲ್ಲ."

"ಯಾರು ಅಳಿಸು ಅಂದಿದ್ದು?"

"ನಾನೇ. ನೀನೇ ತಾನೇ ಅಪ್ಪ ಹೇಳಿದ್ದು, ಮುಖ ಬೀಳಂಗಿಲ್ಲ ಅಂತ? ಟ್ರಂಕು ತಗಂಡು ಬಾ ಅಂದವ್ನು ಯಾರು?" ನನ್ನ ದನಿ ಜೋರಾಯಿತು. ಓಡಾಡುತ್ತಿದ್ದವರು ನಿಂತು ನೋಡಿದರು, ಅಮ್ಮ ನನ್ನ ಕೈ ಹಿಡಿದಳು. ಅಪ್ಪನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಟವೆಲನ್ನು ಹೆಗಲಿನಿಂದ ತೆಗೆದು ಮಡಿಸಿದ, ಬಿಚ್ಚಿ ಮತ್ತೆ ಮಡಿಸಿದ.

"ನಾ ಹೇಳೋದು ಹೇಳ್ದೆ," ಎಂದ. "ಅಪ್ಪ ಆದೋನು ಹೇಳ್ಬೇಕು, ಹೇಳ್ದೆ. ಹುಟ್ಟಿದಾಗಿಂದ ಒಂದ್ ದಿನ ನನ್ ಮಾತು ಕೇಳಿದವಳಲ್ಲ ನೀನು. ಇದೊಂದನ್ನ ಯಾಕೆ ಕೇಳಿದ್ಯೇ?"

ಬಸ್ಸಿಗೆ ಹೊತ್ತಾಯಿತು ಎಂದಳು ಅಮ್ಮ. ಗುತ್ಯಮ್ಮ ಇನ್ನೂ ಒಳಗೇ ಇದ್ದಳು, ಅವಳನ್ನು ಕರೆದುಕೊಂಡು ಬರಲು ಅಪ್ಪ ಮತ್ತೆ ಸಭಾಂಗಣದ ಒಳಗೆ ಹೋದ.